ಕಾರ್ಡ್‌ಲೆಸ್ ದೂರವಾಣಿ ಮತ್ತು ವ್ಯಾಪಾರದ ಗುಟ್ಟು

ಕಾವೇರಿ ತೀರದ ದುಬಾರೆಯಂತಹ ಕಾಫಿ ಪ್ರದೇಶದಲ್ಲಿ ಮನೆಯಿಂದ ಕಣಕ್ಕೆ, ಕಣದಿಂದ ಗೋದಾಮಿಗೆ ಓಡಾಡುತ್ತಲೇ ಮಾತನಾಡಲು ಕಾರ್ಡ್‌ಲೆಸ್ ದೂರವಾಣಿ ಅನುಕೂಲಕರ. ಆದರೆ ಅದು ಹೊರಡಿಸುವ ರೇಡಿಯೋ ತರಂಗಗಳಿಗೆ ತೋಟದ ಬೇಲಿಯ ಹಂಗಿಲ್ಲ ಎಂಬುದನ್ನು ವರ್ತಕರು ಗಮನಿಸಬೇಕು.

ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ವ್ಯವಸ್ಥೆ 1996ರಲ್ಲಿ ಸಂಪೂರ್ಣ ಕೊನೆಗೊಂಡ ಬಳಿಕ ಬೆಳೆಗಾರನೇ ದರ ಕುದುರಿಸಬೇಕಾಗಿದೆ. ಆತ ಎಷ್ಟಕ್ಕೆ ಇಳಿಯಬಲ್ಲನೆಂಬುದು ಖರೀದಿದಾರನಿಗೆ ಮೊದಲೇ ತಿಳಿದರೆ ನಷ್ಟ ಖಚಿತ. ಚೀಲಕ್ಕೆ 50 ರೂಪಾಯಿಯಂತೆ 400 ಚೀಲಕ್ಕೆ ಈ ನಷ್ಟ 20,000 ರೂಪಾಯಿ. ಇದು ಯಾವ ಲೆಕ್ಕಪುಸ್ತಕದಲ್ಲೂ ಕಾಣದ ಖರ್ಚು.

ಹಳೆಯ ಅನಲಾಗ್ ಉಪಕರಣಗಳ ಮಾತನ್ನು ಸ್ಕ್ಯಾನರ್ ರೇಡಿಯೋದಿಂದ ನೇರವಾಗಿ ಆಲಿಸಬಹುದಿತ್ತು. ಇದಕ್ಕೆ ಪರಿಹಾರವಾಗಿ ಕೆಲವು ತಯಾರಕರು ಧ್ವನಿ ಸ್ಕ್ರ್ಯಾಂಬ್ಲಿಂಗ್ ಅಳವಡಿಸಿದರು. ಇದರ ಸರಳ ವಿಧಾನವೆಂದರೆ ಧ್ವನಿಯನ್ನು ತಲೆಕೆಳಗು ಮಾಡುವುದು. ಉದಾಹರಣೆಗೆ, 3,300 ಹರ್ಟ್ಸ್ ಆಧಾರಸಂಖ್ಯೆಯಾದರೆ 500 ಹರ್ಟ್ಸ್‌ನ ಸ್ವರ 2,800 ಆಗುತ್ತದೆ. 2,800ರ ಸ್ವರ 500 ಆಗುತ್ತದೆ. ಬೇಸ್ ಘಟಕವು ಇದೇ ಕ್ರಿಯೆಯನ್ನು ಮತ್ತೊಮ್ಮೆ ನಡೆಸಿ ಮೂಲಧ್ವನಿಯನ್ನು ಮರಳಿ ಪಡೆಯುತ್ತದೆ. ಆದರೆ ಆಧಾರಸಂಖ್ಯೆ ಬದಲಾಗದ್ದರಿಂದ ಅಂತಹದೇ ಮಂಡಲವುಳ್ಳವರೂ ಮಾತನ್ನು ಬಿಡಿಸಬಲ್ಲರು. ಕುತೂಹಲಿಯನ್ನು ತಡೆಯುವ ಈ ಬಾಗಿಲು ಹಟತೊಟ್ಟ ಪ್ರತಿಸ್ಪರ್ಧಿಯನ್ನು ತಡೆಯದು.

ಡೆಕ್ಟ್ ಮಾನದಂಡದ ಡಿಜಿಟಲ್ ಉಪಕರಣಗಳಿಗೆ 64 ಬಿಟ್ ಕೀಲಿಯ ಗೂಢಲಿಪೀಕರಣ ಸೌಲಭ್ಯವಿದೆ. ಆದರೆ ಕೆಲವು ಉಪಕರಣಗಳಲ್ಲಿ ಅದು ಬಳಕೆಯಲ್ಲೇ ಇಲ್ಲವೆಂದು 2008ರಲ್ಲಿ ಯೂರೋಪಿನ ಸಂಶೋಧಕರು ತೋರಿಸಿದರು. ಆದ್ದರಿಂದ ‘ಡಿಜಿಟಲ್’ ಎಂಬ ಮುದ್ರೆಯನ್ನಷ್ಟೇ ನಂಬದೆ, ಗೂಢಲಿಪೀಕರಣ ಚಾಲನೆಯಲ್ಲಿದೆಯೇ ಎಂದು ಕೊಳ್ಳುವಾಗಲೇ ಖಚಿತಪಡಿಸಿಕೊಳ್ಳುವುದು ಲೇಸು. ಇನ್ನೊಂದು ಮಿತಿಯೂ ಉಂಟು: ಈ ರಕ್ಷಣೆ ಕೈಯಲ್ಲಿರುವ ಉಪಕರಣದಿಂದ ಬೇಸ್ ಘಟಕದವರೆಗೆ ಮಾತ್ರ, ಮುಂದಿನ ತಂತಿಯ ಮೇಲಿನ ಮಾತಿಗೆ ಇದು ಅನ್ವಯಿಸದು.

ಕಾನೂನಿನ ಆಸರೆಯೂ ಇದೆ. ದೂರವಾಣಿ ಸಂಭಾಷಣೆಯ ಗೋಪ್ಯತೆ ಸಂವಿಧಾನದ 21ನೇ ವಿಧಿಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ದೂರಸಂಪರ್ಕ ಅಧಿನಿಯಮ, 2023ರ 42ನೇ ಕಲಮಿನಂತೆ ಸಂದೇಶವನ್ನು ಅಕ್ರಮವಾಗಿ ಆಲಿಸಿದವರಿಗೆ 3 ವರ್ಷದವರೆಗೆ ಸೆರೆವಾಸ ಅಥವಾ 2 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಈ ಕಲಮು 2024ರ ಜೂನ್ 26ರಿಂದ ಜಾರಿಯಲ್ಲಿದೆ. ಆದರೆ ಗಾಳಿಯಲ್ಲಿ ಆಲಿಸಿದವನನ್ನು ಪತ್ತೆಹಚ್ಚಿ ಸಾಬೀತುಪಡಿಸುವುದು ಸುಲಭವಲ್ಲ. ಅಷ್ಟರಲ್ಲಿ ಸರಕು ಮಾರಾಟವಾಗಿರುತ್ತದೆ.

ಆದುದರಿಂದ ಅಂತಿಮ ದರ, ಬ್ಯಾಂಕ್ ಖಾತೆಯ ವಿವರ ಹಾಗೂ ಟೆಂಡರ್ ಮೊತ್ತವನ್ನು ಕಾರ್ಡ್‌ಲೆಸ್‌ನಲ್ಲಿ ನುಡಿಯದೆ, ಮುಖತಃ ಇಲ್ಲವೇ ಮೊಹರಾದ ಪತ್ರದ ಮೂಲಕ ತಿಳಿಸುವುದೇ ವಿವೇಕ.