ಹೊಸ ಆಪರೇಟಿಂಗ್ ಸಿಸ್ಟಂ ಅಳವಡಿಕೆ: ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಅರಿತಿರಬೇಕಾದ ಅಂಶಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹಣ ತೆರುವ ಸಂಸ್ಥೆಗಳಿಗೆ ಗರಿಷ್ಠ ಮೂರು ವರ್ಷಗಳವರೆಗೆ ಭದ್ರತಾ ಪರಿಷ್ಕರಣೆಗಳು ದೊರೆಯುವ ವ್ಯವಸ್ಥೆಯಿದ್ದರೂ ಅದು ತಾತ್ಕಾಲಿಕ ಪರಿಹಾರವಷ್ಟೆ. ಆದ್ದರಿಂದ ಹಲವು ಅಂಗಡಿ, ಕಾರ್ಖಾನೆಗಳಲ್ಲಿ ವಿಂಡೋಸ್ 11ರ ಅಳವಡಿಕೆ ನಡೆಯುತ್ತಿದೆ. ಈ ಕೆಲಸವನ್ನು ಸಾಮಾನ್ಯವಾಗಿ ತಂತ್ರಜ್ಞನಿಗೆ ಒಪ್ಪಿಸಿ ಮಾಲೀಕರು ನಿಶ್ಚಿಂತರಾಗುತ್ತಾರೆ. ಆದರೆ ಗಣಕಯಂತ್ರವು ಸರಿಯಾಗಿ ಚಾಲನೆಗೊಂಡ ಮಾತ್ರಕ್ಕೆ ವ್ಯವಹಾರವೂ ಸರಿಯಾಗಿ ಚಾಲನೆಗೊಂಡಿತೆಂದು ಭಾವಿಸಲಾಗದು.

ಒಂದು ಉದಾಹರಣೆಯನ್ನು ಗಮನಿಸಬಹುದು. ಒಬ್ಬ ಸಗಟು ವ್ಯಾಪಾರಿಯು ತಿಂಗಳ 9ನೆಯ ದಿನ ತನ್ನ ಏಕೈಕ ಗಣಕಯಂತ್ರದಲ್ಲಿ ಹೊಸ ವ್ಯವಸ್ಥೆಯನ್ನು ಅಳವಡಿಸುತ್ತಾನೆ ಎಂದುಕೊಳ್ಳೋಣ. 10ರಂದು ಬಿಲ್ಲು ಮುದ್ರಣವಾಗುವುದಿಲ್ಲ. ಡಿಜಿಟಲ್ ಸಹಿಯ ಟೋಕನ್ ಗುರುತಿಸಲ್ಪಡುವುದಿಲ್ಲ. 11ಕ್ಕೆ ಮಾಸಿಕ ಜಿಎಸ್‌ಟಿಆರ್-1 ಸಲ್ಲಿಕೆಯ ಕೊನೆಯ ದಿನ. ಇಲ್ಲಿ ತಾಂತ್ರಿಕ ದೋಷಕ್ಕಿಂತ ದಿನದ ಆಯ್ಕೆಯೇ ಮೊದಲ ತಪ್ಪು. 7ರೊಳಗೆ ಟಿಡಿಎಸ್ ಪಾವತಿ, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಮುಗಿದ ನಂತರದ ವಾರವೇ ಇಂತಹ ಕೆಲಸಕ್ಕೆ ಯೋಗ್ಯವಾದುದು. ಒಂದಕ್ಕಿಂತ ಹೆಚ್ಚು ಯಂತ್ರಗಳಿದ್ದಲ್ಲಿ ಒಂದರಲ್ಲಿ ಮೊದಲು ಪರೀಕ್ಷಿಸಿ, ನಂತರ ಉಳಿದವುಗಳಲ್ಲಿ ಅಳವಡಿಸುವುದು ಲೇಸು.

1. ಮೊದಲು ಲೆಕ್ಕಪತ್ರಗಳ ರಕ್ಷಣೆ

ಅಳವಡಿಕೆಗೆ ಮುನ್ನ ಲೆಕ್ಕಪತ್ರಗಳ ಎರಡು ಪ್ರತಿಗಳನ್ನು ತೆಗೆಯಬೇಕು. ಅವುಗಳಲ್ಲಿ ಒಂದಾದರೂ ಆ ಯಂತ್ರದಿಂದ ಬೇರ್ಪಟ್ಟ ಹಾರ್ಡ್ ಡಿಸ್ಕಿನಲ್ಲಿರಬೇಕು. ಅದೇ ಡಿಸ್ಕಿನ ಡಿ ವಿಭಾಗದಲ್ಲಿ ಇರಿಸಿದ ಪ್ರತಿಯು ನಿಜವಾದ ಬ್ಯಾಕಪ್ ಅಲ್ಲ. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ.

ಪ್ರತಿ ತೆಗೆದರೆ ಸಾಲದು, ಅದು ತೆರೆಯುತ್ತದೆಯೇ ಎಂಬುದನ್ನು ಬೇರೊಂದು ಯಂತ್ರದಲ್ಲಿ ಪರೀಕ್ಷಿಸಬೇಕು. ಇದಕ್ಕೆ ಲೆಕ್ಕಶಾಸ್ತ್ರದ ಹಳೆಯ ವಿಧಾನವೇ ಉತ್ತಮ. ಅಳವಡಿಕೆಯ ಹಿಂದಿನ ದಿನ ತಾಳೆಪಟ್ಟಿ, ದಾಸ್ತಾನಿನ ಸಾರಾಂಶ, ಋಣಿಗಳು ಹಾಗೂ ಧನಿಗಳ ಪಟ್ಟಿ ಮತ್ತು ಕೊನೆಯ ಬಿಲ್ಲಿನ ಸಂಖ್ಯೆಯನ್ನು ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಳ್ಳಬೇಕು. ಅಳವಡಿಕೆಯ ನಂತರ ಈ ಅಂಕಿಗಳು ರೂಪಾಯಿ ಪೈಸೆ ಸಮೇತ ಹೊಂದಿಕೆಯಾದಾಗ ಮಾತ್ರ ಹಳೆಯ ಪ್ರತಿಯ ಮೇಲಿನ ಅವಲಂಬನೆ ಮುಗಿಯುತ್ತದೆ.

ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೆಯ ಪ್ರಕರಣದಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಕಂಪನಿಗಳ ವಿಷಯದಲ್ಲಿ ಈ ಅವಧಿ 8 ಹಣಕಾಸು ವರ್ಷಗಳು. ಇದಲ್ಲದೆ 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷದಿಂದ, ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ಲೆಕ್ಕ ತಂತ್ರಾಂಶವನ್ನು ಬಳಸುವುದು ಕಂಪನಿಗಳಿಗೆ ಕಡ್ಡಾಯವಾಗಿದೆ. ಕಳೆದುಹೋದ ವಹಿವಾಟುಗಳನ್ನು ಬಿಲ್ಲು ನೋಡಿ ಮತ್ತೆ ಬರೆಯಬಹುದು. ಅಳಿಸಿಹೋದ ತಿದ್ದುಪಡಿಯ ಜಾಡನ್ನು ಮತ್ತೆ ಬರೆಯಲಾಗದು.

ಟ್ಯಾಲಿ ಬಳಸುವವರು ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಮೊದಲು ಪರವಾನಗಿಯನ್ನು ತಂತ್ರಾಂಶದ ಒಳಗಿನಿಂದಲೇ ಸರೆಂಡರ್ ಮಾಡಿ, ಅಳವಡಿಕೆಯ ನಂತರ ಪುನಃ ಸಕ್ರಿಯಗೊಳಿಸಿಕೊಳ್ಳಬೇಕು.

2. ಯಂತ್ರದ ಅರ್ಹತೆ

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, 64 ಬಿಟ್‌ನ ಅನುಮೋದಿತ ಪ್ರೊಸೆಸರ್, ಯುಇಎಫ್‌ಐ ವ್ಯವಸ್ಥೆ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಅಗತ್ಯ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶವು ಇವನ್ನು ಪರೀಕ್ಷಿಸಿ ಫಲಿತಾಂಶ ತಿಳಿಸುತ್ತದೆ. ‘ಟಿಪಿಎಂ ಇಲ್ಲ’ ಎಂದ ಕೂಡಲೇ ಹೊಸ ಯಂತ್ರ ಖರೀದಿಸಬೇಕಾಗಿಲ್ಲ. ಅನೇಕ ಯಂತ್ರಗಳಲ್ಲಿ ಈ ಸೌಲಭ್ಯವಿದ್ದೂ ನಿಷ್ಕ್ರಿಯವಾಗಿರುತ್ತದೆ. ಬಯಾಸ್‌ನಲ್ಲಿ ಇಂಟೆಲ್ ಯಂತ್ರಗಳಾದರೆ ಪಿಟಿಟಿ, ಎಎಂಡಿ ಯಂತ್ರಗಳಾದರೆ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದನ್ನು ಸಕ್ರಿಯಗೊಳಿಸಬಹುದು. ಆದರೆ ಪ್ರೊಸೆಸರ್ ಹಳೆಯದಾಗಿದ್ದರೆ ಬೇರೆ ದಾರಿಯಿಲ್ಲ. ಅಡ್ಡದಾರಿಯಿಂದ ಅಳವಡಿಸಿದ ಯಂತ್ರಕ್ಕೆ ಮುಂದಿನ ಪರಿಷ್ಕರಣೆಗಳ ಭರವಸೆಯಿರುವುದಿಲ್ಲ.

3. ಸಾಮಾನ್ಯ ಅಡಚಣೆಗಳು ಮತ್ತು ಪರಿಹಾರ

(ಅ) ಅಳವಡಿಕೆಯು ಅರ್ಧದಲ್ಲಿ ನಿಂತು ಪರದೆಯ ಮೇಲೆ 80070070 ಎಂದು ಮುಗಿಯುವ ದೋಷಸಂಖ್ಯೆ ಕಂಡರೆ ಡಿಸ್ಕಿನಲ್ಲಿ ಸ್ಥಳಾವಕಾಶ ಸಾಲದೆಂದು ಅರ್ಥ. ಸಿ1900101 ಎಂದಿದ್ದರೆ ಬಹುತೇಕ ಯಾವುದೋ ಸಾಧನದ ಡ್ರೈವರ್ ಹೊಂದಿಕೆಯಾಗಿಲ್ಲ. ಆಗ ಪ್ರಿಂಟರ್, ಸ್ಕ್ಯಾನರ್, ಟೋಕನ್ ಮುಂತಾದ ಹೊರಸಾಧನಗಳನ್ನು ಕಳಚಿ, ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ತಾತ್ಕಾಲಿಕವಾಗಿ ತೆಗೆದು ಮತ್ತೆ ಪ್ರಯತ್ನಿಸಬೇಕು.

(ಆ) ಬಯಾಸ್‌ನಲ್ಲಿ ಹಳೆಯ ಲೆಗಸಿ ಕ್ರಮವನ್ನು ಯುಇಎಫ್‌ಐಗೆ ಬದಲಾಯಿಸಿದೊಡನೆ ಯಂತ್ರವು ‘ಬೂಟ್ ಡಿವೈಸ್ ಇಲ್ಲ’ ಎನ್ನಬಹುದು. ಗಾಬರಿಯಿಂದ ಫಾರ್ಮ್ಯಾಟ್ ಮಾಡಬಾರದು. ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿನ್ಯಾಸದಲ್ಲಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಬಯಾಸ್‌ನ ಬದಲಾವಣೆಯನ್ನು ಹಿಂದಕ್ಕೆ ತಂದರೆ ಯಂತ್ರ ಮೊದಲಿನಂತೆ ಚಾಲನೆಗೊಳ್ಳುತ್ತದೆ. ಬ್ಯಾಕಪ್ ಖಚಿತಪಡಿಸಿಕೊಂಡ ಮೇಲೆ ಡಿಸ್ಕನ್ನು ಜಿಪಿಟಿ ವಿನ್ಯಾಸಕ್ಕೆ ಪರಿವರ್ತಿಸಬೇಕು. ವಿಂಡೋಸ್‌ನಲ್ಲಿಯೇ ಇದಕ್ಕೆ ಸಾಧನವಿದೆ.

(ಇ) ಹೊಸ ಯಂತ್ರದಲ್ಲಿ ಅಳವಡಿಕೆ ಆರಂಭಿಸಿದಾಗ ಡಿಸ್ಕ್ ಕಾಣದಿದ್ದರೆ ಅದು ಕೆಟ್ಟಿದೆಯೆಂದು ತೀರ್ಮಾನಿಸಬಾರದು. ಇಂಟೆಲ್‌ನ 11ನೆಯ ಪೀಳಿಗೆಯ ಹಾಗೂ ನಂತರದ ಹಲವು ಯಂತ್ರಗಳಲ್ಲಿ ಸಂಗ್ರಹದ ಡ್ರೈವರನ್ನು ಪೆನ್‌ಡ್ರೈವ್ ಮೂಲಕ ಒದಗಿಸಿದ ನಂತರವೇ ಡಿಸ್ಕ್ ಕಾಣಿಸುತ್ತದೆ.

(ಈ) ಪರದೆಯು ದೀರ್ಘಕಾಲ ಕಪ್ಪಾಗಿದ್ದರೂ ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆಯೆಂದೇ ತಿಳಿಯಬೇಕು. ನಡುವೆ ವಿದ್ಯುತ್ ಕಡಿತವಾಗದಂತೆ ಯುಪಿಎಸ್ ಇರಲೇಬೇಕು.

4. ವ್ಯವಹಾರದ ಸಾಧನಗಳು

ವಿಂಡೋಸ್ 11ಕ್ಕೆ 32 ಬಿಟ್‌ನ ಆವೃತ್ತಿಯೇ ಇಲ್ಲ. ಆದ್ದರಿಂದ ಡಾಸ್ ಕಾಲದ ಬಿಲ್ಲಿಂಗ್ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಹಳೆಯ ವರ್ಷಗಳ ಲೆಕ್ಕ ಅಂತಹ ತಂತ್ರಾಂಶದಲ್ಲಿದ್ದರೆ ಒಂದು ಹಳೆಯ ಯಂತ್ರವನ್ನು ಅಂತರಜಾಲದ ಸಂಪರ್ಕವಿಲ್ಲದೆ ಉಳಿಸಿಕೊಂಡು, ಮುಖ್ಯ ಪುಸ್ತಕಗಳನ್ನು ಮುದ್ರಿಸಿಡುವುದು ಕ್ಷೇಮ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಡ್ರೈವರ್ ದೊರೆಯದಿದ್ದರೆ ವಿಂಡೋಸ್‌ನೊಂದಿಗೆ ಬರುವ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರ್‌ನಿಂದ ಸರಳ ಬಿಲ್ಲುಗಳನ್ನು ಮುದ್ರಿಸಬಹುದು. ಕನ್ನಡ ಅಕ್ಷರಗಳು ಮಾತ್ರ ಅದರಲ್ಲಿ ಮೂಡವು. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಪತ್ರಗಳು ಹೊಸ ವ್ಯವಸ್ಥೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಂಡರೆ ಕಡತ ಕೆಟ್ಟಿಲ್ಲ. ಆ ಅಕ್ಷರಶೈಲಿಯನ್ನು ಅಳವಡಿಸಿದೊಡನೆ ಸರಿಹೋಗುತ್ತದೆ.

ಡಿಜಿಟಲ್ ಸಹಿಯು ಟೋಕನ್‌ನೊಳಗೆ ಇರುತ್ತದೆಯೇ ಹೊರತು ಯಂತ್ರದೊಳಗಲ್ಲ. ಟೋಕನ್‌ನ ಡ್ರೈವರ್ ಹಾಗೂ ಸಹಿ ತಂತ್ರಾಂಶವನ್ನು ಮತ್ತೆ ಅಳವಡಿಸಿದರೆ ಸಾಕು. ಗುರುತಿಸಲಿಲ್ಲವೆಂದು ಗುಪ್ತಪದವನ್ನು ಪದೇ ಪದೇ ತಪ್ಪಾಗಿ ನಮೂದಿಸಿದರೆ ಟೋಕನ್ ಸ್ಥಗಿತಗೊಳ್ಳುತ್ತದೆ.

5. ಖಾತೆ ಯಾರ ಹೆಸರಿನಲ್ಲಿ?

ಇದು ಅತ್ಯಂತ ಮುಖ್ಯವಾದರೂ ಬಹುತೇಕರು ಅಲಕ್ಷಿಸುವ ಅಂಶ. ಅಳವಡಿಕೆಯ ವೇಳೆ ಮೈಕ್ರೋಸಾಫ್ಟ್ ಖಾತೆಯನ್ನು ಕೇಳಲಾಗುತ್ತದೆ. ಅವಸರದಲ್ಲಿ ತಂತ್ರಜ್ಞನೋ ಗುಮಾಸ್ತನೋ ತನ್ನ ಸ್ವಂತ ಇ-ಮೇಲ್ ನೀಡುವುದುಂಟು. ಇತ್ತೀಚಿನ ಆವೃತ್ತಿಗಳಲ್ಲಿ ಹೊಸದಾಗಿ ಅಳವಡಿಸಿದಾಗ ಡಿಸ್ಕ್ ತಾನಾಗಿಯೇ ಗೂಢಲಿಪೀಕರಣಗೊಳ್ಳಬಹುದು. ಅದನ್ನು ತೆರೆಯುವ 48 ಅಂಕಿಗಳ ಕೀಲಿಯು ಆ ಇ-ಮೇಲ್ ಖಾತೆಯಲ್ಲಿ ಉಳಿಯುತ್ತದೆ. ಮುಂದೊಂದು ದಿನ ಯಂತ್ರವು ಆ ಕೀಲಿಯನ್ನು ಕೇಳಿದಾಗ ಗುಮಾಸ್ತನು ಕೆಲಸ ಬಿಟ್ಟಿದ್ದರೆ ಮಾಲೀಕನು ತನ್ನದೇ ಲೆಕ್ಕಪತ್ರಗಳಿಗೆ ಹೊರಗಿನವನಾಗುತ್ತಾನೆ. ಆದ್ದರಿಂದ ಖಾತೆಯು ಸಂಸ್ಥೆಯ ಇ-ಮೇಲ್‌ನಲ್ಲಿಯೇ ಇರಬೇಕು. ಕೀಲಿಯನ್ನು ಮುದ್ರಿಸಿ ಬೀರುವಿನಲ್ಲಿ ಇರಿಸಬೇಕು.

ನಕಲಿ ಪ್ರತಿಯ ಬಳಕೆಯೂ ಸಲ್ಲದು. ತಂತ್ರಾಂಶದ ನಕಲಿ ಪ್ರತಿಯನ್ನು ತಿಳಿದೂ ಬಳಸುವವರಿಗೆ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಪ್ರಕರಣದಡಿ 7 ದಿನಗಳಿಂದ 3 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಅಸಲಿ ವಿಂಡೋಸ್ 10 ಇರುವ ಅರ್ಹ ಯಂತ್ರಗಳಿಗೆ ವಿಂಡೋಸ್ 11 ಉಚಿತವಾಗಿಯೇ ದೊರೆಯುವುದರಿಂದ ಈ ಅಪಾಯಕ್ಕೆ ಕಾರಣವೂ ಇಲ್ಲ.

6. ಮರಳುವ ದಾರಿ

ಹಳೆಯ ವ್ಯವಸ್ಥೆಯ ಮೇಲೆಯೇ ಹೊಸದನ್ನು ಅಳವಡಿಸಿದ್ದರೆ ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನ ಆವೃತ್ತಿಗೆ ಮರಳಬಹುದು. ಅಲ್ಲಿಯವರೆಗೆ ‘ವಿಂಡೋಸ್ ಓಲ್ಡ್’ ಎಂಬ ಕಡತಕೋಶವನ್ನು ಅಳಿಸಬಾರದು. ಈ 10 ದಿನಗಳಲ್ಲಿ ಒಂದು ಬಿಲ್ಲು, ಒಂದು ಇ-ವೇ ಬಿಲ್, ಒಂದು ಡಿಜಿಟಲ್ ಸಹಿ ಮತ್ತು ಒಂದು ಬ್ಯಾಂಕ್ ಪಾವತಿಯನ್ನಾದರೂ ನಡೆಸಿ ನೋಡಬೇಕು. ಮರಳುವ ಮುನ್ನ ಆ ದಿನಗಳ ವಹಿವಾಟಿನ ಪ್ರತಿಯನ್ನೂ ತೆಗೆದಿರಿಸಬೇಕು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಆಪರೇಟಿಂಗ್ ಸಿಸ್ಟಂ ಕೆಟ್ಟರೆ ಒಂದು ದಿನದಲ್ಲಿ ಮತ್ತೆ ಅಳವಡಿಸಬಹುದು. ಹಲವು ವರ್ಷಗಳ ಲೆಕ್ಕವನ್ನು ಹಾಗೆ ಅಳವಡಿಸಲಾಗದು. ಅಳವಡಿಸುವ ಕೆಲಸ ತಂತ್ರಜ್ಞನದು; ತಾಳೆ ನೋಡುವ ಕೆಲಸ ಮಾಲೀಕನದೇ.