ಮರಳುನಾಡಿನ ಮಠಕ್ಕೆ ತಪಸ್ಸುಕಾಲದಲ್ಲೇ ಹೋಗಿ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಉತ್ತರ ಭಾಗದಲ್ಲಿ, ಚಾಮಾ ನದಿಯ ಕಣಿವೆಯಲ್ಲಿ ‘ಮೊನಾಸ್ಟರಿ ಆಫ್ ಕ್ರೈಸ್ಟ್ ಇನ್ ದ ಡೆಸರ್ಟ್’ ಎಂಬ ಬೆನೆಡಿಕ್ಟೈನ್ ಮಠವಿದೆ. ನ್ಯೂಯಾರ್ಕ್ ರಾಜ್ಯದ ಮೌಂಟ್ ಸೇವಿಯರ್ ಮಠದಿಂದ ಫಾದರ್ ಏಲ್ರೆಡ್ ವಾಲ್ ಮತ್ತು ಇಬ್ಬರು ಸಂಗಡಿಗರು ಬಂದು 1964ರಲ್ಲಿ ಇದನ್ನು ಸ್ಥಾಪಿಸಿದರು. ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ಜಾಗ. ಸುತ್ತಲೂ ಬಣ್ಣಬಣ್ಣದ ಬಂಡೆಗೋಡೆಗಳು, ನಡುವೆ ನದಿ, ಸೂರ್ಯಶಕ್ತಿಯಿಂದ ನಡೆಯುವ ವಿದ್ಯುತ್ತು. ಮೊಬೈಲ್ ಸಿಗ್ನಲ್ ಇಲ್ಲ. ಹವೆ ಬೆಚ್ಚಗಾದ ಮೇಲೆ, ಇಲ್ಲವೇ ಈಸ್ಟರ್ ಹಬ್ಬಕ್ಕೆ ಹೋಗಬೇಕೆಂದು ಹೆಚ್ಚಿನವರಿಗೆ ಅನ್ನಿಸುವುದು ಸಹಜ. ಆದರೆ ಮಠದ ದಿನಚರಿಯನ್ನೇ ನೋಡಬೇಕೆಂಬ ಆಸೆ ಇದ್ದವರು ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ, ಚಳಿ ಇನ್ನೂ ಪೂರ್ತಿ ಬಿಡದಿರುವಾಗ ಹೋಗಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣಗಳೂ ಇವೆ, ಮಾಡಿಕೊಳ್ಳಬೇಕಾದ ಸಿದ್ಧತೆಯೂ ಇದೆ.

ಮಠದ ಚಳಿಗಾಲ ಮುಗಿಯುವುದು ಯಾವಾಗ?

ಬೆನೆಡಿಕ್ಟೈನರ ಬದುಕಿಗೆ ಆಧಾರ ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ನಿಯಮಾವಳಿ. ಅದರಲ್ಲಿ 73 ಅಧ್ಯಾಯಗಳಿವೆ. ಎಂಟನೆಯ ಅಧ್ಯಾಯದ ಪ್ರಕಾರ ಚಳಿಗಾಲ ಎಂದರೆ ನವೆಂಬರ್ 1ರಿಂದ ಈಸ್ಟರ್‌ವರೆಗೆ. ಇರುಳಿನ ಪ್ರಾರ್ಥನೆಗೆ ಏಳುವ ಹೊತ್ತು ಆ ಲೆಕ್ಕದಲ್ಲೇ ನಿಗದಿಯಾಗುತ್ತದೆ. ನಲವತ್ತೊಂದನೆಯ ಅಧ್ಯಾಯ ಊಟದ ಹೊತ್ತನ್ನೂ ಹಾಗೇ ಬದಲಿಸುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಕಳೆದ ಮೇಲೆ ಒಂದೇ ಊಟ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಅದೂ ಸಂಜೆಗೆ ಹೋಗುತ್ತದೆ. ಈಸ್ಟರ್ ಬಂದಮೇಲೆ ನಡುಹಗಲಲ್ಲೊಂದು, ಸಂಜೆಗೊಂದು. ಇಂದಿನ ಮಠಗಳು ಊಟದ ವೇಳೆಯನ್ನು ಇಷ್ಟು ಬಿಗಿಯಾಗಿ ಪಾಲಿಸುವುದಿಲ್ಲ. ಆದರೂ ಅದರ ಹಿಂದಿನ ತರ್ಕ ಉಳಿದಿದೆ. ಹೊರಗೆ ಬಿಸಿಲು ಏರಿದರೂ ಹಬ್ಬ ಬರುವ ತನಕ ಮಠಕ್ಕೆ ವಸಂತ ಬಂದಂತಲ್ಲ.

ಆ ಹಬ್ಬವೋ ಪ್ರತಿ ವರ್ಷ ಸರಿಯುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಂದಾದರೂ ಬರಬಹುದು. 2027ರಲ್ಲಿ ಮಾರ್ಚ್ 28ಕ್ಕೆ, 2028ರಲ್ಲಿ ಏಪ್ರಿಲ್ 16ಕ್ಕೆ. ಮೊದಲ ವರ್ಷ ರಾತ್ರಿ ನೀರು ಹೆಪ್ಪುಗಟ್ಟುವ ಹೊತ್ತಿಗೇ ತಪಸ್ಸುಕಾಲ ಮುಗಿದುಹೋಗುತ್ತದೆ. ಎರಡನೆಯ ವರ್ಷ ಹವೆ ಹಿತವಾದರೂ ಮಠ ಇನ್ನೂ ಉಪವಾಸದಲ್ಲೇ ಇರುತ್ತದೆ. ಸೂರ್ಯನ ಪಂಚಾಂಗವೂ ಕ್ರೈಸ್ತ ಸಭೆಯ ಪಂಚಾಂಗವೂ ಹೀಗೆ ಬೇರೆ ಬೇರೆ ಹೆಜ್ಜೆ ಹಾಕುವ ಈ ಸಂಧಿಯಲ್ಲಿ ಸನ್ಯಾಸಿಗಳ ಬದುಕನ್ನು ನಡೆಸುತ್ತಿರುವುದು ಯಾವುದೆಂಬುದು ಹೊರಗಿನವರಿಗೂ ಸ್ಪಷ್ಟವಾಗಿ ಕಾಣುತ್ತದೆ. ಮೇ ತಿಂಗಳ ಸೊಗಸಾದ ಬೆಳಗಿನಲ್ಲಿ ಯಾರಿಗಾದರೂ ಬೇಗ ಏಳುವ ಮನಸ್ಸಾಗಬಹುದು. ಮಾರ್ಚ್‌ನ ಚಳಿಯಲ್ಲಿ, ಕತ್ತಲಲ್ಲಿ, ಅಲ್ಲೆಲೂಯ ಎಂಬ ಸ್ತುತಿಘೋಷವೂ ನಿಂತುಹೋದ ವಾರಗಳಲ್ಲಿ ಅದೇ ಹೊತ್ತಿಗೆ ಏಳುವುದು ಮನಸ್ಸಿನ ಲಹರಿಯಿಂದ ಆಗುವ ಕೆಲಸವಲ್ಲ.

ಹಾಗಾದರೆ ಈಸ್ಟರ್‌ಗೇ ಏಕೆ ಹೋಗಬಾರದು, ವರ್ಷದ ಅತಿ ದೊಡ್ಡ ಆರಾಧನೆ ಅದಲ್ಲವೇ ಎಂದು ಕೇಳಬಹುದು. ನಿಜ. ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಪಾಸ್ಖ ಮೇಣದಬತ್ತಿ ಬೆಳಗಿ, ಅಲ್ಲೆಲೂಯವನ್ನು ಮತ್ತೆ ಹಾಡುವ ಜಾಗರಣೆಗೆ ಸಾಟಿಯಿಲ್ಲ. ಆದರೆ ಅದು ಹಬ್ಬ, ದಿನಚರಿಯಲ್ಲ. ಈಸ್ಟರ್‌ಗೆ ಹಿಂದಿನ ಪವಿತ್ರ ವಾರದಲ್ಲಿ ಕೋಣೆ ಬೇಕಾದರೆ ಬಹಳ ಮುಂಚೆ ಕೇಳಬೇಕು. ಜತೆಗೆ ಶುಭ ಶುಕ್ರವಾರದ ಹೊತ್ತಿಗೆ ಇದೇ ಸೀಮೆಯ ಚಿಮಾಯೊ ಗುಡಿಗೆ ಸಾವಿರಾರು ಜನ ನಡೆದು ಹೋಗುತ್ತಾರೆ, ರಸ್ತೆಗಳು ತುಂಬಿರುತ್ತವೆ. ತಪಸ್ಸುಕಾಲದ ನಲವತ್ತು ದಿನ ಕಾದವರಿಗೆ ಆ ರಾತ್ರಿ ಏನು ಎಂಬುದು ಕಾಯುವಿಕೆಯನ್ನು ಸ್ವಲ್ಪವಾದರೂ ಕಂಡವರಿಗೆ ಮಾತ್ರ ಅರ್ಥವಾದೀತು. ಮೊದಲ ಭೇಟಿ ತಪಸ್ಸುಕಾಲದಲ್ಲಾಗಲಿ. ಹಬ್ಬಕ್ಕೆ ಇನ್ನೊಂದು ವರ್ಷ ಹೋಗಬಹುದು.

ದಾರಿ ಮತ್ತು ಕೆಸರು

ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಆಲ್ಬುಕರ್ಕಿಯಲ್ಲಿದೆ. ಡಲ್ಲಾಸ್ ಅಥವಾ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರು ವಾರಾಂತ್ಯಕ್ಕೆ ಒಂದೆರಡು ದಿನ ರಜೆ ಸೇರಿಸಿಕೊಂಡರೆ ಸಾಕು. ಸಾಂಟಾ ಫೆ ನಗರದಿಂದ ಉತ್ತರಕ್ಕೆ ಸುಮಾರು 75 ಮೈಲಿ. 84ನೇ ಹೆದ್ದಾರಿಯಲ್ಲಿ ಆಬಿಕ್ಯೂ ಹಳ್ಳಿಯನ್ನೂ, ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಬಾಳಿ ಬಣ್ಣಕ್ಕಿಳಿಸಿದ ಘೋಸ್ಟ್ ರಾಂಚನ್ನೂ ದಾಟಿದ ಮೇಲೆ ಎಡಕ್ಕೆ ಅರಣ್ಯ ಇಲಾಖೆಯ 151ನೇ ರಸ್ತೆ ಸಿಗುತ್ತದೆ. ಅಲ್ಲಿಂದ ಮುಂದೆ 13 ಮೈಲಿ ಮಣ್ಣುದಾರಿ, ನದಿಯ ಪಕ್ಕದಲ್ಲೇ. ಪೆಟ್ರೋಲು, ನೀರು, ತಿಂಡಿ ಎಲ್ಲವನ್ನೂ ಆಬಿಕ್ಯೂನಲ್ಲೇ ತುಂಬಿಸಿಕೊಳ್ಳಿ.

ಚಳಿ ಹೋಗಿ ಸೆಕೆ ಬರುವ ಈ ತಿಂಗಳುಗಳಲ್ಲಿ ದೊಡ್ಡ ತೊಡಕು ಈ 13 ಮೈಲಿಗಳೇ. ನೆಲ ಜೇಡಿಮಣ್ಣಿನದು. ಹಿಮ ಕರಗಿದಾಗ, ಮಳೆ ಬಿದ್ದಾಗ ಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಗಾಡಿ ಜಾರುತ್ತದೆ. ರಾತ್ರಿ ಹೆಪ್ಪುಗಟ್ಟಿದ ದಾರಿ ಬೆಳಿಗ್ಗೆ ಗಟ್ಟಿಯಾಗಿರುತ್ತದೆ, ಬಿಸಿಲೇರಿದಂತೆ ಕೆಸರಾಗುತ್ತದೆ. ಆದ್ದರಿಂದ ಹಿಂದಿನ ರಾತ್ರಿ ಸಾಂಟಾ ಫೆಯಲ್ಲೋ ಆಬಿಕ್ಯೂ ಸುತ್ತಮುತ್ತಲೋ ಉಳಿದು ಬೆಳಿಗ್ಗೆಯೇ ಹೊರಡುವುದು ಮೇಲು. ಕತ್ತಲಾದ ಮೇಲಂತೂ ಈ ದಾರಿ ಹಿಡಿಯಬೇಡಿ. ನೆಲದಿಂದ ಎತ್ತರವಿರುವ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿಯನ್ನೇ ಆರಿಸಿ. ಬಾಡಿಗೆ ಗಾಡಿಯಾದರೆ ಮಣ್ಣುದಾರಿಗೆ ಒಯ್ಯಲು ಒಪ್ಪಿಗೆ ಇದೆಯೇ ಎಂದು ಕರಾರಿನಲ್ಲಿ ನೋಡಿಕೊಳ್ಳಿ. ಹೊರಡುವ ಮುನ್ನ ಹವಾಮಾನ ನೋಡಿ. ಹಿಂದಿರುಗುವ ವಿಮಾನಕ್ಕೂ ಮಠದಿಂದ ಹೊರಡುವ ದಿನಕ್ಕೂ ನಡುವೆ ಒಂದು ದಿನ ಬಿಡುವು ಇಟ್ಟುಕೊಳ್ಳಿ.

ಇಷ್ಟೆಲ್ಲ ಪಾಡು ಪಡುವ ಬದಲು ರಸ್ತೆ ಒಣಗಿದ ಮೇಲೆ ಹೋಗುವುದೇ ಜಾಣತನವಲ್ಲವೇ? ಮೊಣಕಾಲು ನೋವಿನವರಿಗೆ, ಉಸಿರಾಟದ ತೊಂದರೆಯವರಿಗೆ, ಚಿಕ್ಕ ಮಕ್ಕಳಿರುವವರಿಗೆ ಖಂಡಿತ ಹೌದು, ಅವರು ಕಾಯಲಿ. ಉಳಿದವರು ಒಂದು ಮಾತು ಗಮನಿಸಬೇಕು. ಸ್ಥಾಪಕರು ಹುಡುಕಿದ್ದೇ ಊರುಗಳಿಂದ ದೂರದ ಏಕಾಂತದ ಜಾಗವನ್ನು. ನಮ್ಮಲ್ಲಿ ವರ್ಷವಿಡೀ ಸಂಚರಿಸುವ ಯತಿಗಳು ಮಳೆಗಾಲದ ಚಾತುರ್ಮಾಸ್ಯದಲ್ಲಿ ಒಂದೆಡೆ ನಿಲ್ಲುತ್ತಾರೆ. ಬೆನೆಡಿಕ್ಟೈನ್ ಸನ್ಯಾಸಿ ಆಯುಷ್ಯವಿಡೀ ಒಂದೇ ಮಠದಲ್ಲಿ ನಿಲ್ಲುವ ವ್ರತ ತೊಡುತ್ತಾನೆ. ನಿಲ್ಲುವ ವ್ರತದವರನ್ನು ನೋಡಲು ಬರುವವರಿಗೆ ದಾರಿಯೇ ವೇಗ ಇಳಿಸುವುದನ್ನು ಕಲಿಸಿದರೆ ಅದು ವ್ಯರ್ಥವಲ್ಲ.

ಒಂದು ದಿನದ ಕ್ರಮ

ದಿನ ಶುರುವಾಗುವುದು ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಇರುಳಿನ ಪ್ರಾರ್ಥನೆಯಿಂದ. ಆಮೇಲೆ ಬೆಳಗಿನ ಸ್ತುತಿ, ಬಲಿಪೂಜೆ (ಮಾಸ್), ಹಗಲಿನಲ್ಲಿ ಚಿಕ್ಕ ಚಿಕ್ಕ ಪ್ರಾರ್ಥನೆಗಳು, ಸಂಜೆಯ ಪ್ರಾರ್ಥನೆ, ಮಲಗುವ ಮುನ್ನ ಕೊನೆಯದು. 150 ಕೀರ್ತನೆಗಳನ್ನು ವಾರವೊಂದರಲ್ಲಿ ಹಾಡಿ ಮುಗಿಸಬೇಕೆಂದು ಸಂತ ಬೆನೆಡಿಕ್ಟ್ ವಿಧಿಸಿದ್ದರು. ಅತಿಥಿಗಳು ಎಲ್ಲದಕ್ಕೂ ಹೋಗಬೇಕೆಂಬ ಕಡ್ಡಾಯವಿಲ್ಲ. ಆದರೂ ಉಳಿದಷ್ಟು ದಿನ ಎಲ್ಲದಕ್ಕೂ ಹೋಗುವಂತೆ ಸಲಹೆ ಕೊಡುತ್ತೇನೆ. ಒಂದು ಪ್ರಾರ್ಥನೆ ಕೇಳಿದವರಿಗೆ ಇಂಪಾದ ಹಾಡು ಕೇಳಿದಂತಾಗುತ್ತದೆ. ಎಲ್ಲವನ್ನೂ ಕೇಳಿದವರಿಗೆ ಕೆಲಸ, ಊಟ, ನಿದ್ದೆಗಳೆಲ್ಲ ಪ್ರಾರ್ಥನೆಗಳ ನಡುವಿನ ಬಿಡುವಿನಲ್ಲಿ ಹೇಗೆ ಕೂರುತ್ತವೆ ಎಂಬುದು ತಿಳಿಯುತ್ತದೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಬೇಗ ಬೆಳಕಾಗತೊಡಗಿದ್ದ ಮುಂಜಾವು ಮತ್ತೆ ಕತ್ತಲಿಗೆ ಬೀಳುತ್ತದೆ. ಅತಿಥಿಗೃಹದಿಂದ ಗುಡಿಗೆ ಆ ಕತ್ತಲಲ್ಲೇ ನಡೆಯಬೇಕು. ಟಾರ್ಚು, ಹಿಡಿತವಿರುವ ಬೂಟು, ಉಣ್ಣೆಯ ಟೋಪಿ, ಕೈಗವಸು ಬೇಕೇ ಬೇಕು. ಹಗಲು ಬಿಸಿಲು ಚುರುಕಾಗಿರುತ್ತದೆ, ಮಾರ್ಚ್‌-ಏಪ್ರಿಲ್‌ನ ಗಾಳಿ ದೂಳೆಬ್ಬಿಸುತ್ತದೆ. ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ತೊಡುವ ಬಟ್ಟೆ ಒಳ್ಳೆಯದು. ಎತ್ತರದ ಒಣಹವೆಯಾದ್ದರಿಂದ ಬಾಯಾರದಿದ್ದರೂ ನೀರು ಕುಡಿಯುತ್ತಿರಿ.

ಗುಡಿಯ ಕಟ್ಟಡದ ಹಿಂದೆ ಭಾರತದೊಂದಿಗೆ ನಿಜವಾದ ನಂಟೊಂದಿದೆ. ಇದನ್ನು ವಿನ್ಯಾಸ ಮಾಡಿದವರು ಜಾರ್ಜ್ ನಾಕಾಶಿಮಾ. ಮರಗೆಲಸದಲ್ಲಿ ಹೆಸರಾದ ಈ ಜಪಾನಿ ಮೂಲದ ಅಮೆರಿಕನ್ನರು 1930ರ ದಶಕದಲ್ಲಿ ಪುದುಚೇರಿಯ ಅರವಿಂದಾಶ್ರಮದಲ್ಲಿ ‘ಗೋಲ್ಕೊಂಡೆ’ ವಸತಿಗೃಹ ಕಟ್ಟುವ ಕೆಲಸ ನೋಡಿಕೊಂಡು, ಅಲ್ಲೇ ಶಿಷ್ಯರಾಗಿ ಸುಂದರಾನಂದ ಎಂಬ ಹೆಸರು ಪಡೆದಿದ್ದರು. ಇಲ್ಲಿನ ಗುಡಿ ಹಸಿ ಇಟ್ಟಿಗೆಯದು. ಎತ್ತರದ ಕಿಟಕಿಗಳಲ್ಲಿ ಬಂಡೆಗೋಡೆ ಕಾಣುತ್ತದೆ. ಬೆಳಗಿನ ಸ್ತುತಿಯ ಹೊತ್ತಿಗೆ ಆ ಬಂಡೆಗಳ ಮೇಲೆ ಬೆಳಕು ಇಳಿಯುವುದನ್ನು ನೋಡಿದರೆ ಕಟ್ಟಡ ಯಾರಿಗಾಗಿ, ಯಾವ ಹೊತ್ತಿಗಾಗಿ ಎದ್ದಿತೆಂಬುದು ಗೊತ್ತಾಗುತ್ತದೆ. ಹೆಸರಾಂತ ಲೇಖಕ, ಟ್ರಾಪಿಸ್ಟ್ ಸನ್ಯಾಸಿ ಥಾಮಸ್ ಮರ್ಟನ್ 1968ರಲ್ಲಿ, ಏಷ್ಯಾ ಪ್ರಯಾಣಕ್ಕೆ ಹೊರಡುವ ಮುಂಚೆ, ಎರಡು ಸಲ ಇಲ್ಲಿಗೆ ಬಂದಿದ್ದರು.

ಊಟ, ಕೆಲಸ, ಮೌನ

ಕೋಣೆಯನ್ನು ಮುಂಗಡವಾಗಿ ಕೇಳಿ ಗೊತ್ತುಮಾಡಿಕೊಳ್ಳಬೇಕು. ಕಡಿಮೆಯೆಂದರೆ ಎರಡು ರಾತ್ರಿ ಉಳಿಯಬೇಕೆಂಬುದು ಇಲ್ಲಿನ ರೂಢಿ. ಪ್ರತಿ ರಾತ್ರಿಗೆ ಕಾಣಿಕೆ ಎಷ್ಟಿರಬೇಕೆಂದು ಅವರೇ ಸೂಚಿಸುತ್ತಾರೆ. ಈಚಿನ ನಿಯಮಗಳನ್ನೂ ಪ್ರಾರ್ಥನೆಯ ವೇಳೆಯನ್ನೂ ಮಠದಿಂದಲೇ ತಿಳಿದುಕೊಳ್ಳಿ. ಮೂರು ರಾತ್ರಿ ಇದ್ದರೆ ಇನ್ನೂ ಮೇಲು, ಏಕೆಂದರೆ ಮೊದಲ ದಿನ ದಣಿವಿನಲ್ಲೇ ಕಳೆದುಹೋಗುತ್ತದೆ. ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ರೋಗಿಗಳಿಗಲ್ಲದೆ ಕೊಡಬಾರದೆಂದು ಬೆನೆಡಿಕ್ಟರ ನಿಯಮಾವಳಿ ಹೇಳುತ್ತದೆ. ಆದರೆ ಮೀನು, ಮೊಟ್ಟೆಯ ವಿಚಾರ ಬೇರೆ. ಶುದ್ಧ ಸಸ್ಯಾಹಾರಿಗಳು ಕೋಣೆ ಕೇಳುವಾಗಲೇ ತಿಳಿಸಲಿ. ಊಟ ಮೌನದಲ್ಲಿ, ಊಟದ ಹೊತ್ತಿನಲ್ಲಿ ಒಬ್ಬರು ಪುಸ್ತಕ ಓದುವುದು ಬೆನೆಡಿಕ್ಟೈನ್ ಪದ್ಧತಿ. ಸೂರ್ಯಶಕ್ತಿಯ ವಿದ್ಯುತ್ತಾದ್ದರಿಂದ ನೀರು ಕಾಯಿಸುವ ಕೆಟಲ್, ಕೂದಲು ಒಣಗಿಸುವ ಯಂತ್ರಗಳನ್ನು ಮನೆಯಲ್ಲೇ ಬಿಟ್ಟುಬನ್ನಿ. ಒಂದು ಪುಸ್ತಕ ತನ್ನಿ, ಹೆಚ್ಚು ಬೇಡ. ತಪಸ್ಸುಕಾಲದ ಆರಂಭದಲ್ಲಿ ಪ್ರತಿ ಸನ್ಯಾಸಿಗೂ ಒಂದೊಂದು ಪುಸ್ತಕ ಕೊಡಬೇಕು, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು ಎಂದು ನಲವತ್ತೆಂಟನೆಯ ಅಧ್ಯಾಯ ಹೇಳುತ್ತದೆ.

ಬೆಳಗಿನ ಕೆಲಸದಲ್ಲಿ ಕೈಜೋಡಿಸಲು ಅವಕಾಶ ಸಿಕ್ಕರೆ ಬಿಡಬೇಡಿ. ಈ ಸನ್ಯಾಸಿಗಳು ಬಿಯರಿಗೆ ಬೇಕಾಗುವ ಹಾಪ್ಸ್ ಬೆಳೆದವರು. ಚಳಿಗಾಲದಲ್ಲಿ ನೆಲದ ಮೇಲಿನದೆಲ್ಲ ಒಣಗಿ, ವಸಂತದಲ್ಲಿ ಬೇರಿನಿಂದ ಚಿಗುರುವ ಬಳ್ಳಿ ಅದು. ಸೌದೆ, ಕಸ, ಅಡುಗೆಮನೆ, ಯಾವ ಕೆಲಸ ಕೊಟ್ಟರೂ ಅದು ಕೀಳಲ್ಲ. ಮಠದ ಉಪಕರಣಗಳನ್ನೆಲ್ಲ ಬಲಿಪೀಠದ ಪಾತ್ರೆಗಳಂತೆ ಕಾಣಬೇಕೆಂಬುದು ಉಗ್ರಾಣಿಗೆ ಬೆನೆಡಿಕ್ಟರು ಕೊಟ್ಟ ಅಪ್ಪಣೆ.

ಕೆಲವರಿಗೆ ಇಲ್ಲೊಂದು ಅಳುಕು ಇರುತ್ತದೆ. ನಾವು ಕ್ರೈಸ್ತರಲ್ಲ, ಹೋಗಿ ಕೂತರೆ ಸೋಗು ಹಾಕಿದಂತಾಗದೇ ಎಂದು. ಐವತ್ತಮೂರನೆಯ ಅಧ್ಯಾಯದ ಪ್ರಕಾರ ಬಂದ ಅತಿಥಿಗಳೆಲ್ಲರನ್ನೂ ಕ್ರಿಸ್ತನೇ ಬಂದಂತೆ ಬರಮಾಡಿಕೊಳ್ಳಬೇಕು. ಅತಿಥಿಯ ನಂಬಿಕೆಯ ಪರೀಕ್ಷೆ ಅಲ್ಲಿಲ್ಲ. ಎಲ್ಲರೊಂದಿಗೆ ಏಳಿ, ಕೂರಿ, ಸುಮ್ಮನೆ ಕೇಳಿ, ಅಷ್ಟು ಸಾಕು. ಒಂದನ್ನು ಮಾತ್ರ ನೆನಪಿಡಿ: ಬಲಿಪೂಜೆಯಲ್ಲಿ ಹಂಚುವ ಪರಮಪ್ರಸಾದ ನಮ್ಮ ದೇವಸ್ಥಾನದ ಪ್ರಸಾದದಂತೆ ಬಂದವರೆಲ್ಲ ಕೈಯೊಡ್ಡುವಂಥದ್ದಲ್ಲ, ಅದು ಕಥೋಲಿಕರಿಗೆ. ಆಗ ನಿಮ್ಮ ಜಾಗದಲ್ಲೇ ಕೂತಿರುವುದು ಮರ್ಯಾದೆ. ಇನ್ನೊಂದು ದೂರು, ಸನ್ಯಾಸಿಗಳು ಮಾತನಾಡಿಸುವುದೇ ಇಲ್ಲ ಎಂಬುದು. ಅದೂ ಅದೇ ಅಧ್ಯಾಯದ ನಿಯಮ. ಅತಿಥಿಗಳ ಹೊಣೆ ಹೊತ್ತವರ ಹೊರತು ಬೇರೆಯವರು ಮಾತಿಗಿಳಿಯಬಾರದು. ಇದು ಉಪೇಕ್ಷೆಯಲ್ಲ; ಅತಿಥಿಯನ್ನೂ ಮಠವನ್ನೂ ಒಟ್ಟಿಗೆ ಕಾಪಾಡುವ ಏರ್ಪಾಡು. ಅತಿಥಿಗಳು ಎಂದೂ ತಪ್ಪುವುದಿಲ್ಲವೆಂದು ಮೊದಲೇ ಊಹಿಸಿ ಅವರಿಗೆ ಬೇರೆ ಅಡುಗೆಮನೆಯನ್ನೇ ಇರಿಸಿದ ನಿಯಮವಿದು. ಹಾಗಾಗಿ ನಿಮ್ಮ ಬರವು ಅವರ ತಪಸ್ಸಿಗೆ ಭಂಗವೆಂದು ಅಂಜಬೇಕಿಲ್ಲ. ಒಪ್ಪಿಗೆಯಿಲ್ಲದೆ ಸನ್ಯಾಸಿಗಳ ಫೋಟೊ ತೆಗೆಯುವುದು, ಅವರಿಗೆಂದೇ ಮೀಸಲಾದ ಜಾಗಕ್ಕೆ ನುಗ್ಗುವುದು ಮಾತ್ರ ನಿಜವಾದ ಭಂಗ.

ಕೊನೆಯ ಆಕ್ಷೇಪ ಗಂಭೀರವಾದದ್ದು. ಲೋಕ ಹೊತ್ತಿ ಉರಿಯುತ್ತಿರುವಾಗ ಕಣಿವೆಯಲ್ಲಿ ಕೂತು ಹಾಡುವುದು ಪಲಾಯನವಲ್ಲವೇ? ಪಲಾಯನ ಮಾಡುವವನು ತನಗೆ ಬೇಕಾದಂತೆ ಬದುಕಲು ಓಡುತ್ತಾನೆ. ಇಲ್ಲಿನವರು ಏಳುವ ಹೊತ್ತು, ಉಣ್ಣುವ ಹೊತ್ತು, ಜತೆಗಿರುವ ಜನ, ಯಾವುದನ್ನೂ ತಾವಾಗಿ ಆರಿಸಿಕೊಳ್ಳುವುದಿಲ್ಲ. ಬಾಗಿಲಿಗೆ ಬಂದ ಅಪರಿಚಿತನನ್ನು ಬರಮಾಡಿಕೊಳ್ಳಬೇಕೆಂಬುದೂ ಅವರ ನಿಯಮ. ಇದನ್ನು ಒಪ್ಪಬಹುದು, ಬಿಡಬಹುದು. ಆದರೆ ತೀರ್ಪು ಕೊಡುವ ಮುಂಚೆ ಅವರ ಅತಿ ಕಷ್ಟದ ವಾರಗಳಲ್ಲಿ ನೋಡುವುದು ನ್ಯಾಯ.

ದಿನಾಂಕ ಆರಿಸುವಾಗ ತಪಸ್ಸುಕಾಲದ ಮೂರನೇ ಭಾನುವಾರದಿಂದ ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನದವರೆಗೆ ನೋಡಿ: 2027ರಲ್ಲಿ ಫೆಬ್ರುವರಿ 28ರಿಂದ ಮಾರ್ಚ್ 20, 2028ರಲ್ಲಿ ಮಾರ್ಚ್ 19ರಿಂದ ಏಪ್ರಿಲ್ 8. ಚಳಿ ತಡೆಯದವರಿಗೆ 2028 ಹೆಚ್ಚು ಅನುಕೂಲ. ಆ ವರ್ಷ ಮಾರ್ಚ್ 21ರಂದು ಸಂತ ಬೆನೆಡಿಕ್ಟರ ದಿನವೂ ಈ ಅವಧಿಯಲ್ಲೇ ಬರುತ್ತದೆ. ಅಮೆರಿಕಕ್ಕೆ ಹೋಗಲಾಗದವರಿಗೆ ಬೆಂಗಳೂರಿನ ಕೆಂಗೇರಿ ಬಳಿ ಆಶೀರ್ವನಂ ಎಂಬ ಬೆನೆಡಿಕ್ಟೈನ್ ಮಠವಿದೆ. ಅಲ್ಲಿ ಹಿಮವಿಲ್ಲ, ಮಾರ್ಚ್ ಎಂದರೆ ಬೇಸಿಗೆ. ಆದರೂ ಅದೇ ನಿಯಮಾವಳಿ, ಅದೇ ತಪಸ್ಸುಕಾಲ. ಎಲ್ಲಿಗೆ ಹೋದರೂ ಹವೆ ನೋಡಿ ಬಟ್ಟೆ ತುಂಬಿಕೊಳ್ಳಿ, ಮಠದ ಪಂಚಾಂಗ ನೋಡಿ ದಿನ ಗೊತ್ತುಮಾಡಿ.