ಮುತ್ತಜ್ಜನ ವಂಶಾವಳಿ: ಹೆಸರಿಗಿಂತ ಹೊಲದ ನಂಬರು ಗಟ್ಟಿ

ಚಿಕ್ಕಜಾಜೂರು ಸೀಮೆಯ ಒಕ್ಕಲು ಮನೆತನದಲ್ಲಿ 19ನೇ ಶತಮಾನದ ಹಿರಿಯನೊಬ್ಬನನ್ನು ಹುಡುಕುವಾಗ ಹೆಸರನ್ನಷ್ಟೇ ನಂಬಿದರೆ ದಾರಿ ತಪ್ಪುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆಯಿಂದ ಒಂದೇ ಮನೆಯಲ್ಲಿ ಹನುಮಂತಪ್ಪ, ತಿಮ್ಮಪ್ಪ ಸರದಿಯಂತೆ ಬರುತ್ತಾರೆ. ತಂದೆಯ ಹೆಸರು, ಮನೆದೇವರು, ಬೆಡಗು, ಹೊಲದ ಸರ್ವೆ ನಂಬರು ಒಂದಕ್ಕೊಂದು ತಾಳೆಯಾದರೆ ಮಾತ್ರ ಆಸಾಮಿ ಇವನೇ ಎನ್ನಬಹುದು.

ಕೆಲಸ ಮನೆಯ ಹಿರಿಯರಿಂದ ಶುರುವಾಗಬೇಕು. ಅವರನ್ನು ಇಸವಿ ಕೇಳಿ ಫಲವಿಲ್ಲ. ಬರ, ಪ್ಲೇಗು, ಸಂವತ್ಸರ ಕೇಳಬೇಕು. 1876–78ರ ಭೀಕರ ಕ್ಷಾಮಕ್ಕೆ ಧಾತು–ಈಶ್ವರ ಬರವೆಂದೇ ಹೆಸರು. ಧಾತು ಸಂವತ್ಸರ 1876ರ ಯುಗಾದಿಗೆ ಹಿಡಿದದ್ದು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ 1936ರ ಧಾತುವನ್ನು ಇದೆಂದು ತಿಳಿದರೆ ಎರಡು ತಲೆಮಾರು ಕಲಸಿಹೋಗುತ್ತವೆ. ಸೊಸೆಯಂದಿರ ಸಂಗತಿ ಅವರ ತವರಿನಲ್ಲೇ ಸಿಗುವುದು ಹೆಚ್ಚು.

ಮುಂದಿನದು ಹೊಳಲ್ಕೆರೆ ತಾಲ್ಲೂಕು ಕಚೇರಿ. ಗಣಕೀಕೃತ ಪಹಣಿ ಇತ್ತೀಚಿನದು. ರೆಕಾರ್ಡ್ ರೂಮಿನ ಕೈಬರಹದ ಪಹಣಿ, ಹಕ್ಕು ಬದಲಾವಣೆ ರಿಜಿಸ್ಟರುಗಳ ನಕಲಿಗೆ ಅರ್ಜಿ ಹಾಕಬೇಕು. ಪೌತಿ ಖಾತೆಯ ನಮೂದೇ ಇಲ್ಲಿನ ನಿಧಿ: ತೀರಿಕೊಂಡವನ ಹೆಸರು, ವಾರಸುದಾರರು ಒಂದೇ ಕಡೆ ಸಿಗುತ್ತಾರೆ. ‘ಹನುಮಂತಪ್ಪ ಬಿನ್ ತಿಮ್ಮಪ್ಪ’ ಎಂದರೆ ತಿಮ್ಮಪ್ಪನ ಮಗ. ‘ಕೋಂ’ ಎಂದಿದ್ದರೆ ಹೆಂಡತಿ. ನಂಬರು 42 ಮುಂದೆ 42/1, 42/2 ಆಗಿದ್ದರೆ ಪೋಡಿಯಾಗಿದೆ. ಅದು ಅಣ್ಣತಮ್ಮಂದಿರ ಪಾಲೋ ಕ್ರಯವೋ ಎಂದು ನಮೂದಿನಲ್ಲಿ ನೋಡಬೇಕು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದೇ 1863ರಲ್ಲಿ. ಅದಕ್ಕಿಂತ ಹಿಂದಕ್ಕೆ ಈ ನಂಬರು ಕೈಹಿಡಿಯದು. ನಾಡಕಚೇರಿಯ ವಂಶವೃಕ್ಷ ದೃಢೀಕರಣ ಇಂದಿನ ವಾರಸುದಾರರಿಗೆ ಸಾಕು, ಮುತ್ತಜ್ಜನಿಗೆ ಅದು ಸಾಕ್ಷಿಯಲ್ಲ.

ಕಾಗದ ನಿಂತಲ್ಲಿ ಹೆಳವರು ನೆರವಾಗುತ್ತಾರೆ. ಸುಗ್ಗಿ ಮುಗಿದ ಮೇಲೆ ಒಕ್ಕಲು ಮನೆಗಳಿಗೆ ಬಂದು ವಂಶ ಹೊಗಳಿ ಕಾಳುಕಡಿ ಪಡೆಯುವ ಇವರು ಮನೆತನ ಎಲ್ಲಿಂದ ವಲಸೆ ಬಂತು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಹೊಗಳಿಕೆಯ ಪಾಲನ್ನು ಕಳೆದು ಹೆಸರುಗಳ ಸಾಲನ್ನಷ್ಟೇ ಪಹಣಿಯೊಡನೆ ಹೋಲಿಸುವುದು ಜಾಣತನ.

ಗೌಡಿಕೆ, ಶಾನುಭೋಗಿಕೆ ಅಥವಾ ಇನಾಮು ಇದ್ದ ಮನೆತನವಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗುವುದು ಸಾರ್ಥಕ. 1831ರಿಂದ 1881ರವರೆಗಿನ ಕಮಿಷನರ ಆಡಳಿತದ ಕಡತಗಳು ಬಹುಪಾಲು ಇಂಗ್ಲಿಷಿನಲ್ಲಿದ್ದು, ಚಿತ್ರದುರ್ಗ ಜಿಲ್ಲೆಯನ್ನು ‘ಚಿತಲ್‌ಡ್ರೂಗ್’ ಎಂದು ಹುಡುಕಬೇಕು. 1871ರ ಜನಗಣತಿಯ ಪ್ರಕಟಿತ ವರದಿಯಲ್ಲಿ ತಲೆಲೆಕ್ಕವಿದೆಯೇ ಹೊರತು ಮನೆಮಂದಿಯ ಹೆಸರುಗಳಿಲ್ಲ.